ಬೆಟ್ಟದ ಪೋಡಿನಲ್ಲಿ ಲಸಿಕೆಯ ಗುರುವಾರ

ಬಿಳಿಗಿರಿರಂಗನ ಬೆಟ್ಟದಲ್ಲಿ ಮಂಜು ಇನ್ನೂ ಸರಿದಿಲ್ಲ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ನಾಲ್ಕು ಐಸ್ ಪ್ಯಾಕುಗಳು ಬೆವರುತ್ತಿವೆ. ಸಿಸ್ಟರ್ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಅದು ಲಸಿಕೆಯ ಡಬ್ಬಕ್ಕೆ ಇಳಿಯುವುದು. ಗಡ್ಡೆ ಕಟ್ಟಿದ ಐಸ್ ತಾಗಿದರೆ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ, ಬಿಸಿ ತಾಗಿದರೆ ಪೋಲಿಯೊ ಹನಿ ಕೆಡುತ್ತದೆ. ಮಧ್ಯಾಹ್ನದವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಕಾಯ್ದುಕೊಳ್ಳಬೇಕು. ಸೀಸೆಯ ಮೇಲಿನ ಪುಟ್ಟ ಚೌಕ ತನ್ನ ಸುತ್ತಲಿನ ವೃತ್ತದ ಬಣ್ಣಕ್ಕೆ ತಿರುಗಿತೋ, ಆ ಸೀಸೆ ಬಳಸುವಂತಿಲ್ಲ.

ಡಬ್ಬ ಸ್ಕೂಟರಿನ ಮುಂದೆ, ರಿಜಿಸ್ಟರುಗಳ ಚೀಲ ಹೆಗಲಿಗೆ. ಹುಲಿ ಸಂರಕ್ಷಿತ ಕಾಡಿನ ದಾರಿ. ಹಸಿ ಲದ್ದಿ ಕಂಡರೆ ಗಾಡಿ ನಿಲ್ಲಿಸಬೇಕು. ಆನೆ ದಾಟುವವರೆಗೆ ಕಾಯುವುದೂ ಈ ನೌಕರಿಯ ಭಾಗವೇ.

ಪೋಡು ಎಂದರೆ ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಹಾಡಿ. ಅಲ್ಲಿನ ಅಂಗನವಾಡಿ ಜಗಲಿಯಲ್ಲಿ ತೊಲೆಗೆ ತೂಕದ ತಕ್ಕಡಿ ನೇತುಬಿದ್ದಿದೆ. ಕಾಫಿ ತೋಟಕ್ಕೆ ಕೂಲಿಗೆ ಹೊರಟಿದ್ದ ತಾಯಂದಿರನ್ನು ಆಶಾ ಕಾರ್ಯಕರ್ತೆ ಕರೆದು ತಂದಿದ್ದಾರೆ. ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡ ಅಜ್ಜಿಯೊಬ್ಬರು ಮಾತ್ರ ಜಗಲಿ ಹತ್ತಲೊಲ್ಲರು.

‘ಹೋದ ಸತಿ ಸೂಜಿ ಹಾಕ್ಸುದ್ಮೇಲೆ ಮೈಯೆಲ್ಲ ಕಾದೋಗಿತ್ತು ಕಣವ್ವ.’

‘ಸೂಜಿ ಒಳಗ ಕೆಲ್ಸ ಮಾಡ್ತಾ ಅದ ಅಜ್ಜಿ, ಅದ್ಕೇ ಜ್ವರ. ಔಷ್ದಿ ಕೊಟ್ಟೋಯ್ತೀನಿ. ಸಂಜೆ ನಾನೇ ಫೋನ್ ಮಾಡ್ತೀನಿ.’

ಅಜ್ಜಿ ಕೂತರು. ಮಗು ಅತ್ತಿತು, ಆಮೇಲೆ ಸುಮ್ಮನಾಯಿತು. ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಹಾಗೆಂದು ಒಂದೇ ಮಗು ಬಂದರೂ ಸೀಸೆ ತೆರೆಯದೆ ಕಳಿಸುವಂತಿಲ್ಲ. ಜಗಲಿಯ ಇನ್ನೊಂದು ಮೂಲೆಯಲ್ಲಿ ತಾಯಿ ಕಾರ್ಡ್ ಹಿಡಿದ ಗರ್ಭಿಣಿಯ ಬಿಪಿ ನೋಡುವುದು, ಬೆರಳ ತುದಿಯ ರಕ್ತ ತೆಗೆಯುವುದು ನಡೆದಿದೆ. ಸೋಲಿಗರಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರಕ್ತಹೀನತೆ ಉಂಟು. ಅದರ ನಿರ್ಮೂಲನೆಗೆಂದು 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದ ಭಾರವೂ ಕೊನೆಗೆ ಬಂದು ಕೂತಿರುವುದು ಇದೇ ಜಗಲಿಯ ಮೇಲೆ. ಪರೀಕ್ಷೆ ಸುಲಭ, ಮದುವೆಯ ವಯಸ್ಸಿನ ಹುಡುಗಿಗೆ ಅದರ ಫಲಿತಾಂಶವನ್ನು ಹೆದರಿಸದೆ ತಿಳಿಹೇಳುವುದು ಕಷ್ಟ.

ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಕಾಡಿನಲ್ಲಿ ಆ 3,000 ಜನ ಒಂದೇ ಕಡೆ ಇರುವುದಿಲ್ಲ. ಸೂಜಿ ಹಾಕಿದ್ದನ್ನು ರಿಜಿಸ್ಟರಿನಲ್ಲೂ ಬರೆಯಬೇಕು, ನೆಟ್‌ವರ್ಕ್ ಸಿಕ್ಕ ತಿರುವಿನಲ್ಲಿ ನಿಂತು ಆ್ಯಪ್‌ಗೂ ತುಂಬಬೇಕು.

ಕತ್ತಲಾದ ಮೇಲಿನ ಕೆಲಸ ಬೇರೆಯೇ. ದಿನ ತುಂಬಿದವಳಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು 108 ಆಂಬುಲೆನ್ಸಿಗೆ ಹತ್ತಿಸಬೇಕು. ಹುಟ್ಟಿದ ಕೂಸು ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಅಂಬು ಬ್ಯಾಗ್ ಒತ್ತಲು ಶುರು ಮಾಡಬೇಕು. ಕೇಳಲು ಪಕ್ಕದಲ್ಲಿ ಡಾಕ್ಟರ್ ಇರುವುದಿಲ್ಲ. ನಮ್ಮ ನರ್ಸಿಂಗ್ ಶಿಕ್ಷಣದ ಕೊರತೆ ಇರುವುದು ಇಲ್ಲೇ. ಕಾಲೇಜುಗಳು ಹೆಚ್ಚಾಗಿ ನಗರಗಳಲ್ಲಿವೆ. ವಿದ್ಯಾರ್ಥಿನಿ ಕಲಿಯುವುದು ಕೂಗಿದರೆ ಡಾಕ್ಟರ್ ಬರುವ ವಾರ್ಡಿನಲ್ಲಿ. ಮುಂದೆ ಹಳ್ಳಿಗೆ ಹೋದವಳು ದುಡಿಯುವುದು ತಾನೇ ತೀರ್ಮಾನ ತೆಗೆದುಕೊಳ್ಳಬೇಕಾದ ಕಡೆ.

ಅದಕ್ಕೆ ಉತ್ತರಗಳೂ ಹುಟ್ಟುತ್ತಿವೆ. ಬೊಂಬೆಯ ಮೇಲೆ ಹೆರಿಗೆ ಮಾಡಿಸಿ, ಕೈ ಪಳಗುವವರೆಗೆ ಮತ್ತೆ ಮತ್ತೆ ಕಲಿಸುವ ಸ್ಕಿಲ್ ಲ್ಯಾಬ್‌ಗಳು ಬಂದಿವೆ. ನರ್ಸಿಂಗ್ ಪದವೀಧರರು ಆರು ತಿಂಗಳ ತರಬೇತಿ ಪಡೆದು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಉಪಕೇಂದ್ರಗಳಲ್ಲೇ ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡುತ್ತಿದ್ದಾರೆ. ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಪರದೆಯ ಮೇಲೆ ರೋಗಿಯ ಮುಂದೆ ಕೂರಿಸುತ್ತಿದ್ದಾರೆ.

ಎಲ್ಲಕ್ಕಿಂತ ಗಟ್ಟಿಯಾದ ಉತ್ತರವನ್ನು ಈ ಬೆಟ್ಟ ಮೊದಲೇ ಕೊಟ್ಟಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿ ಕೊಡಿಸಿತು. ಹೊರಗಿನಿಂದ ಬಂದವರು ವರ್ಗಾವಣೆಯ ದಾರಿ ನೋಡುವ ಜಾಗ ಇವರಿಗೆ ಹುಟ್ಟಿದೂರು. ಇಲ್ಲಿನ ಮಾತು, ಸಂಕೋಚ, ದೇವರು, ಹಸಿವು ಇವರಿಗೆ ಗೊತ್ತು. ಹೊರಗಿನವರು ವರ್ಷಗಟ್ಟಲೆ ದುಡಿದು ಗಳಿಸಬೇಕಾದ ನಂಬಿಕೆ ಇವರಿಗೆ ಮನೆಯ ಹೆಣ್ಣುಮಗಳೆಂಬ ಸಲುಗೆಯಲ್ಲೇ ಸಿಗುತ್ತದೆ.

ಆದ್ದರಿಂದ ಹಳ್ಳಿಗೆ ನರ್ಸ್ ಸಿಗುವುದಿಲ್ಲವೆಂದು ಕೊರಗುವ ಬದಲು ಹಳ್ಳಿಯ ಹುಡುಗಿಯನ್ನೇ ನರ್ಸ್ ಮಾಡೋಣ. ಅವಳಿಗೆ ಸೀಟು ಮತ್ತು ವಿದ್ಯಾರ್ಥಿವೇತನ ಮೀಸಲಿಡಬೇಕು. ಪಾಠ ಕನ್ನಡದಲ್ಲೂ ಸಿಗಬೇಕು, ಕಲಿಕೆಯ ತಿಂಗಳುಗಳಲ್ಲಿ ಒಂದಷ್ಟು ಉಪಕೇಂದ್ರದ ಜಗಲಿಯಲ್ಲೇ ಕಳೆಯಬೇಕು. ಕೆಲಸಕ್ಕೆ ಸೇರಿದ ಮೇಲೆ ನೀರು, ಬೆಳಕು, ಭದ್ರ ಬಾಗಿಲು ಇರುವ ಕ್ವಾರ್ಟರ್ಸ್ ಕೊಡಬೇಕು. ಇದರಲ್ಲಿ ಸರ್ಕಾರದ ಕೈಗೆ ಮೀರಿದ್ದು ಯಾವುದೂ ಇಲ್ಲ.