ಎಸ್‌ಯುವಿ ಕೊಳ್ಳುವ ಮುನ್ನ: ಯಾವ ದರ್ಜೆ ಯಾರಿಗೆ?

ಫಸಲಿನ ಹಣ ಕೈಗೆ ಬಂದಾಗ ಹೊಸ ವಾಹನ ಕೊಳ್ಳುವ ಸದಸ್ಯರು, ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ಯಾವ ದರ್ಜೆಯದನ್ನು ಆರಿಸಬೇಕೆಂದು ಸಂಘದ ಕಚೇರಿಯಲ್ಲಿ ವಿಚಾರಿಸುವುದುಂಟು. ಷೋರೂಮಿನ ಬಣ್ಣದ ಪುಸ್ತಿಕೆಯಲ್ಲಿ ಸೌಲಭ್ಯಗಳ ಉದ್ದನೆಯ ಪಟ್ಟಿ ಇರುತ್ತದೆ. ಆದರೆ ಬೆಳೆಗಾರನಿಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬ ವಿಂಗಡಣೆ ಅದರಲ್ಲಿ ಇರುವುದಿಲ್ಲ.

ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2022ರಲ್ಲಿ ತಯಾರಿಕೆ ಆರಂಭವಾದ ಅವಳಿ ವಾಹನಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಟೊಯೊಟಾ ಹೈರೈಡರ್, ಇನ್ನೊಂದು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ. ಹೈರೈಡರ್‌ನ ದರ್ಜೆಗಳು ಇ, ಎಸ್, ಜಿ, ವಿ. ವಿಟಾರಾದವು ಸಿಗ್ಮಾ, ಡೆಲ್ಟಾ, ಜೀಟಾ, ಆಲ್ಫಾ. ಹೆಸರು ಬೇರೆಯಾದರೂ ಒಳಗಿನ ಯಂತ್ರ ಒಂದೇ.

ಎಂಜಿನ್

ಮೊದಲನೆಯದು 1462 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇದಕ್ಕೆ ಟರ್ಬೊ ಇಲ್ಲ. ಆದ್ದರಿಂದ ತುಂಬಿದ ಗಾಡಿ ಘಾಟಿ ಹತ್ತುವಾಗ ಗೇರು ಇಳಿಸುತ್ತಲೇ ಇರಬೇಕು. ಎರಡನೆಯದು 1490 ಸಿಸಿಯ ಮೂರು ಸಿಲಿಂಡರಿನ ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ವಿದ್ಯುತ್ ಮೋಟಾರು ತಾನೇ ಗಾಡಿಯನ್ನು ಸ್ವಲ್ಪ ದೂರ ಎಳೆಯಬಲ್ಲದು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಪರೀಕ್ಷಾ ಲೆಕ್ಕದಲ್ಲಿ ಲೀಟರಿಗೆ 27.97 ಕಿ.ಮೀ. ಎಂದು ಕಂಪನಿ ಹೇಳಿದೆ. ರಸ್ತೆಯ ಮೇಲೆ ಅಷ್ಟು ಸಿಗದೆಂಬುದು ಎಲ್ಲ ವಾಹನಗಳಿಗೂ ಅನ್ವಯಿಸುವ ಮಾತು. ಬ್ಯಾಟರಿ ಇರುವುದರಿಂದ ಹೈಬ್ರಿಡ್‌ನಲ್ಲಿ ಡಿಕ್ಕಿಯ ಜಾಗ ಕಡಿಮೆ. 50 ಕಿಲೋ ಕಾಫಿ ಮೂಟೆ ಇಡಬೇಕೆನ್ನುವವರು ಇದನ್ನು ಮೊದಲೇ ತೆರೆದು ನೋಡುವುದು ಒಳಿತು.

ನಾಲ್ಕು ಚಕ್ರದ ಚಾಲನೆ

ತೋಟದ ಕೆಸರು ದಾರಿಗೆ ಮುಖ್ಯವಾದ ಸೌಲಭ್ಯವಿದು. ಆದರೆ ಇದು ಪೆಟ್ರೋಲ್ ಎಂಜಿನ್ನಿನ ಮೇಲ್ದರ್ಜೆಗೆ ಕಟ್ಟುಬಿದ್ದಿದೆ, ಹೈಬ್ರಿಡ್‌ಗೆ ಇಲ್ಲ. 2022ರಲ್ಲಿ ಮ್ಯಾನ್ಯುಯಲ್ ಗೇರಿನೊಂದಿಗೆ ಬಂದ ಇದನ್ನು 2025ರಲ್ಲಿ 6 ಗೇರಿನ ಆಟೋಮ್ಯಾಟಿಕ್‌ಗೆ ಬದಲಿಸಿದರು. ಜೀಪಿನಲ್ಲಿರುವಂಥ ಲೋ ರೇಂಜ್ ಗೇರು ಇದರಲ್ಲಿಲ್ಲ. ಜಾರುವ ರಸ್ತೆಯಿಂದ ಪಾರಾಗಲು ಇದು ಸಾಕು. ಮಳೆಗಾಲದಲ್ಲಿ ಭಾರ ಹೊತ್ತು ಕಡಿದಾದ ಏರು ಹತ್ತುವ ಕೆಲಸ ಇಂದಿಗೂ ಜೀಪಿನದೇ.

ಸುಖಸೌಲಭ್ಯಗಳು

ಇವು ಊರನ್ನು ನೋಡಿ ಆರಿಸಬೇಕಾದವು. ತೋಟ ಮಲೆನಾಡಿನಲ್ಲಿದ್ದು ಮಕ್ಕಳು ಕಲಬುರಗಿಯಲ್ಲಿ ನೌಕರಿ ಮಾಡುವ ಮನೆಯನ್ನು ಊಹಿಸಿಕೊಳ್ಳಿ. ಮೋಮಿನಪುರದಂಥ ನಗರದೊಳಗಿನ ಬಡಾವಣೆಯಲ್ಲಿ ಗಾಡಿ ತಿರುಗಿಸುವವರಿಗೆ ಸುತ್ತಲೂ ತೋರಿಸುವ ಕ್ಯಾಮೆರಾ ನಿಜವಾದ ಅನುಕೂಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಊರಿನಲ್ಲಿ ಗಾಳಿಯಾಡುವ ಸೀಟೂ ಬೇಡವೆನ್ನುವಂತಿಲ್ಲ. ಕಮಲಾಪುರದ ಕಡೆ ಬಯಲು ಹೆದ್ದಾರಿಯಲ್ಲಿ ಓಡಾಡುವವರಿಗೆ ನಾಲ್ಕು ಚಕ್ರದ ಚಾಲನೆ ಬೇಕಿಲ್ಲ. ತೋಟದ ಮನೆಗೆ ಲೆಕ್ಕ ಇದಕ್ಕೆ ತಲೆಕೆಳಗು.

ಗಾಜಿನ ಚಾವಣಿ ಎರಡು ಕಡೆಗೂ ಅಷ್ಟಾಗಿ ಒಗ್ಗದು. ಬಯಲುಸೀಮೆಯಲ್ಲಿ ಅದು ಬಿಸಿಲನ್ನು ಒಳಗೆ ಬಿಡುತ್ತದೆ. ಮಲೆನಾಡಿನಲ್ಲಿ ಮರದಡಿ ನಿಲ್ಲಿಸಿದ ಗಾಡಿಯ ಚಾವಣಿಯ ನೀರುಗಾಲುವೆಗೆ ಎಲೆಪುಡಿ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿಯುತ್ತದೆ.

ಸುರಕ್ಷತೆ, ತೆರಿಗೆ, ಸಾಲ

2025ರಿಂದ ಈ ಎರಡೂ ವಾಹನಗಳ ಎಲ್ಲ ದರ್ಜೆಗಳಿಗೂ 6 ಏರ್‌ಬ್ಯಾಗ್ ಬಂದಿವೆ. ಆದ್ದರಿಂದ ಏರ್‌ಬ್ಯಾಗಿಗಾಗಿ ಮೇಲ್ದರ್ಜೆಗೆ ಹೋಗುವ ಕಾರಣ ಉಳಿದಿಲ್ಲ. ಹಳೆಯ ಗಾಡಿ ಕೊಳ್ಳುವವರು ಮಾತ್ರ ಎಷ್ಟಿವೆಯೆಂದು ಎಣಿಸಿ ನೋಡಬೇಕು.

2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಗಾಡಿಗಳ ಮೇಲೆ ಸೆಸ್ ರದ್ದಾಗಿ ಶೇ. 40 ಜಿಎಸ್‌ಟಿ ನಿಗದಿಯಾಯಿತು. ಮೊದಲು ಸೆಸ್ ಸೇರಿ ಈ ಪೆಟ್ರೋಲ್ ಗಾಡಿಗೆ ಶೇ. 45, ಹೈಬ್ರಿಡ್‌ಗೆ ಶೇ. 43 ಇತ್ತು. ಹೈಬ್ರಿಡ್‌ಗೆ ತೆರಿಗೆಯಲ್ಲಿದ್ದ ಚಿಕ್ಕ ರಿಯಾಯಿತಿ ಹೀಗೆ ಹೋದಂತಾಯಿತು. ಅದರ ಲಾಭ ಇನ್ನು ಇಂಧನದಲ್ಲೇ ಗಿಟ್ಟಬೇಕು. ಹೆಚ್ಚು ಓಡಾಟವಿದ್ದವರಿಗೆ ಗಿಟ್ಟೀತು. ವಾರಕ್ಕೊಮ್ಮೆ ಪೇಟೆಗೆ ಹೋಗುವವರಿಗೆ ಕಷ್ಟ.

ಮೇಲಿನ ದರ್ಜೆಗೆಂದು 2 ಲಕ್ಷ ರೂಪಾಯಿ ಹೆಚ್ಚು ಸಾಲ ಮಾಡಿದರೆ, ಶೇ. 9ರ ಬಡ್ಡಿಯಲ್ಲಿ 5 ವರ್ಷಕ್ಕೆ ತಿಂಗಳ ಕಂತು ಸುಮಾರು 4,150 ರೂಪಾಯಿ. ಬಡ್ಡಿಯೇ 49,000 ರೂಪಾಯಿ ದಾಟುತ್ತದೆ. ಕೊಳೆರೋಗ ಬಂದ ವರ್ಷವೂ ಕಂತು ನಿಲ್ಲುವುದಿಲ್ಲ.

ಒಟ್ಟಿನಲ್ಲಿ ಒಂದು ಸೂತ್ರವಿಟ್ಟುಕೊಳ್ಳಬಹುದು. ಎಂಜಿನ್, ಚಾಲನೆ, ಏರ್‌ಬ್ಯಾಗ್ ಇವನ್ನು ಆಮೇಲೆ ಸೇರಿಸಲಾಗದು. ಹಣ ಅಲ್ಲಿಗೆ ಮೊದಲು ಹೋಗಲಿ. ಸೀಟಿನ ಹೊದಿಕೆ, ಸಂಗೀತದ ಪೆಟ್ಟಿಗೆ, ಹಿಂಬದಿಯ ಕ್ಯಾಮೆರಾ ಮುಂದಿನ ಫಸಲಿಗೂ ಆದೀತು. ದರ್ಜೆಗಳಲ್ಲಿ ಆಗಾಗ ಬದಲಾವಣೆ ಆಗುವುದರಿಂದ, ಮುಂಗಡ ಕೊಡುವ ಮೊದಲು ಆ ದಿನದ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕಾಗಿ ಸದಸ್ಯ ಬಾಂಧವರಲ್ಲಿ ವಿನಂತಿ.

— ಕಾರ್ಯದರ್ಶಿ