ಕಿತ್ತೂರಿನ ದತ್ತಕ, ಟೊಯೊಟಾದ ಅಳಿಯ

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇವೆ ಎಂದು ಅರಮನೆ ಧಾರವಾಡಕ್ಕೆ ತಿಳಿಸಿತು. ಅಲ್ಲಿಯ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಆ ಮಾತು ನಂಬಲಿಲ್ಲ. ದೊರೆ ಬದುಕಿದ್ದಾಗಲೇ ದತ್ತಕ ಆಗಿತ್ತೇ ಎಂಬ ಅನುಮಾನ ಅವನದು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನ ಹೆಣ ಬಿತ್ತು. ಮುಂದಿನದನ್ನು ಈ ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಕಿತ್ತೂರು ಬಿತ್ತು, ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು, ಸಂಗೊಳ್ಳಿ ರಾಯಣ್ಣ ಅದೇ ದತ್ತಕ ಮಗನ ಹೆಸರಿನಲ್ಲಿ ದಂಡು ಕಟ್ಟಿದ.

ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಅದೇ ಜಗಳ ರಾಮದುರ್ಗದ ಕಡೆ ಎದ್ದಿತು. ನರಗುಂದದ ದೊರೆ ಬಾಬಾಸಾಹೇಬ ಭಾವೆಗೆ ದತ್ತಕಕ್ಕೆ ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. ರಾಮದುರ್ಗವನ್ನು ಆಳುತ್ತಿದ್ದವನು ಅವನ ಮಲಸಹೋದರನೇ. 1858ರ ಮೇ ತಿಂಗಳ ಕೊನೆಗೆ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಅದಕ್ಕಾಗಿ ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಹೊಟ್ಟೆಯ ಮಗ ಇಲ್ಲದಿದ್ದರೆ ಮನೆತನ ಯಾರದು? ಈ ಒಂದು ಪ್ರಶ್ನೆಗಾಗಿ ಇಷ್ಟು ರಕ್ತ ಹರಿದ ನೆಲ ನಮ್ಮದು. ಇಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರು ಇಂದಿನ ಜಪಾನನ್ನು ಅರಿಯಲು ಹೊರಟರೆ ಅವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲವೆಂದೇ ನನ್ನ ನಂಬಿಕೆ.

ಯಾಕೆಂದರೆ ಜಪಾನಿನಲ್ಲಿ ದತ್ತಕ ಈಗಲೂ ಬಲವಾಗಿದೆ. ಅಲ್ಲಿ ದತ್ತಕ ಹೋಗುವವರಲ್ಲಿ ಬಹುಪಾಲು ಕೂಸುಗಳಲ್ಲ, ದುಡಿಯುವ ವಯಸ್ಸಿನ ಗಂಡಸರು. ಟೊಯೊಟಾ ಕಟ್ಟಿದ ಟೊಯೊಡಾ ಮನೆತನವನ್ನೇ ನೋಡಿ. ಮನೆಯ ಹಿರಿಯ ಸಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಹೆಸರು ಮಾಡಿದ್ದು ಮಗ್ಗದಲ್ಲಿ. ಮಗ್ಗದ ಸದ್ದಿನಲ್ಲೇ ಬೆಳಗಾಗುವ ರಾಮದುರ್ಗದ ನೇಕಾರ ಓಣಿಗಳಿಗೆ ಆತನ ಕಸುಬು ಪರಕೀಯವೇನಲ್ಲ. ಸಕಿಚಿಗೆ ಕಿಚಿರೊ ಎಂಬ ಬುದ್ಧಿವಂತ ಮಗನಿದ್ದ. ಅವನು ಇದ್ದಾಗಲೇ ಮಗಳು ಐಕೊಳ ಗಂಡ ರಿಸಾಬುರೊನನ್ನು ಸಕಿಚಿ ದತ್ತಕ ತೆಗೆದುಕೊಂಡ. ಕೊಡಾಮಾ ಮನೆಯಲ್ಲಿ ಹುಟ್ಟಿದವನು ಟೊಯೊಡಾ ಆದ. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ನಿಂತಾಗ ಅದರ ಮೊದಲ ಅಧ್ಯಕ್ಷನಾದದ್ದು ಈ ಅಳಿಯ. ಮೋಟಾರಿನ ಕನಸು ಕಂಡ ಹೊಟ್ಟೆಯ ಮಗ ಕಿಚಿರೊ ಉಪಾಧ್ಯಕ್ಷನ ಕುರ್ಚಿಯಲ್ಲಿ ಕೂತ, ಅಧ್ಯಕ್ಷನಾದದ್ದು 1941ರಲ್ಲಿ. ನಮ್ಮ ರಸ್ತೆಗಳ ತುಂಬ ಓಡುವ ಇನ್ನೊಂದು ಹೆಸರಿನ ಹಿಂದೆಯೂ ಇದೇ ಕಥೆ. ಸುಜುಕಿ ಕಂಪನಿಯನ್ನು ದಶಕಗಳ ಕಾಲ ನಡೆಸಿ 2024ರಲ್ಲಿ ತೀರಿಕೊಂಡ ಒಸಾಮು ಸುಜುಕಿ ಹುಟ್ಟಿನಿಂದ ಮತ್ಸುದಾ. ಮದುವೆಯಾಗಿ ಹೆಂಡತಿಯ ಮನೆಗೆ ದತ್ತಕ ಬಂದವರು.

ಟೊಯೊಟಾವನ್ನು ಕರ್ನಾಟಕಕ್ಕೆ ಕರೆತಂದ ಮನೆತನದ ಬೇರೂ ಈ ಸೀಮೆಯದೇ. ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ, ಮೊದಲ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾದದ್ದು 1997ರಲ್ಲಿ.

ಈಗ ಎರಡು ದೇಶಗಳ ಪದ್ಧತಿಯನ್ನು ಅಕ್ಕಪಕ್ಕ ಇಟ್ಟು ನೋಡೋಣ. ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತ್ಯದ ಹಿಂದೂ ಕಾನೂನಿನಲ್ಲಿ ವಯಸ್ಸಿಗೆ ಬಂದ, ಮದುವೆಯಾಗಿ ಮಕ್ಕಳಿರುವ ಗಂಡಸನ್ನೂ ದತ್ತಕ ತೆಗೆದುಕೊಳ್ಳಬಹುದಿತ್ತು. ಅಲ್ಲಿಯವರೆಗೆ ನಾವೂ ಜಪಾನಿಗರೂ ಹತ್ತಿರದವರು. ಆದರೆ ಅಳಿಯನನ್ನು ಮಗನನ್ನಾಗಿ ಮಾಡಿಕೊಳ್ಳುವುದು ನಮಗೆ ಊಹೆಗೂ ನಿಲುಕದ್ದು. ಅವನು ಮಗನಾದರೆ ಹೆಂಡತಿ ಅವನಿಗೆ ಏನಾಗಬೇಕು? ಮನೆಅಳಿಯನಾಗಿ ಉಳಿದರೂ ಊರು ಅವನನ್ನು ಒಂದು ಮೆಟ್ಟಿಲು ಕೆಳಗೇ ಇಡುತ್ತದೆ. 1956ರ ಹಿಂದೂ ದತ್ತಕ ಕಾಯ್ದೆ ಬಂದ ಮೇಲಂತೂ ಸ್ವಂತ ಮಗನಿದ್ದವರು ಇನ್ನೊಬ್ಬ ಮಗನನ್ನು ದತ್ತಕ ತೆಗೆದುಕೊಳ್ಳುವಂತಿಲ್ಲ. ರೂಢಿಯ ಆಧಾರವಿಲ್ಲದಿದ್ದರೆ ಹದಿನೈದು ತುಂಬಿದವರನ್ನೂ ತೆಗೆದುಕೊಳ್ಳುವಂತಿಲ್ಲ. ಈ ಕಾಯ್ದೆ ನಡೆಯುವ ಕಡೆ ಸಕಿಚಿಯ ದತ್ತಕ ಎರಡೂ ಲೆಕ್ಕದಲ್ಲಿ ಬಿದ್ದುಹೋಗುತ್ತಿತ್ತು. ನಮ್ಮ ದತ್ತಕ ರಕ್ತದ ಕೊರತೆ ತುಂಬಲಿಕ್ಕೆ, ಪಿಂಡ ಇಡಲಿಕ್ಕೆ, ವತನ ಉಳಿಸಿಕೊಳ್ಳಲಿಕ್ಕೆ. ಅವರದು ಮನೆಯ ದಂಧೆಯನ್ನು ಸಮರ್ಥನ ಕೈಗೆ ಒಪ್ಪಿಸಲಿಕ್ಕೆ.

ಈ ವ್ಯತ್ಯಾಸವನ್ನು ಶಾಸ್ತ್ರವಾಗಿ ಬರೆದವರು ಚಿಯೆ ನಕಾನೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ ಮೊದಲ ಮಹಿಳೆ. 1950ರ ದಶಕದಲ್ಲಿ ಭಾರತದಲ್ಲಿ ಓಡಾಡಿ ಕ್ಷೇತ್ರಕಾರ್ಯ ಮಾಡಿ, ಆಮೇಲೆ ತಮ್ಮ ದೇಶದ ಕಡೆ ತಿರುಗಿದವರು. ಇಂಗ್ಲಿಷಿನಲ್ಲಿ 1970ರಲ್ಲಿ ಬಂದ 'ಜಪಾನೀಸ್ ಸೊಸೈಟಿ' ಪುಸ್ತಕದಲ್ಲಿ ಭಾರತ ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ತವರು ಬಿಟ್ಟ ತಂಗಿ, ಬೇರೆ ಮನೆ ಮಾಡಿದ ತಮ್ಮ ಬಳಗದವರಾಗಿಯೇ ಉಳಿಯುತ್ತಾರೆ. ಜಪಾನಿನಲ್ಲಿ ಮನೆ ಬಿಟ್ಟುಹೋದ ಸ್ವಂತ ತಮ್ಮನಿಗಿಂತ ಒಳಗೆ ಬಂದ ಸೊಸೆ, ದತ್ತಕ ಅಳಿಯ ಹೆಚ್ಚಿನವರು ಎಂಬುದು ಅವರ ವಾದ. ಮನೆಯ ಈ ಚೌಕಟ್ಟನ್ನೇ ಅವರು ಕಂಪನಿಗೂ ಹಚ್ಚಿದರು. ಜಪಾನಿನವನು ತನ್ನ ಕಸುಬಿಗಿಂತ ಮೊದಲು ತಾನಿರುವ ಕಂಪನಿಯ ಹೆಸರು ಹೇಳುತ್ತಾನೆ ಎಂಬ ಅವರ ಮಾತು ಜಗತ್ತಿನ ತುಂಬ ಚರ್ಚೆಯಾಯಿತು. ಭಾರತವನ್ನು ಕಂಡ ಕಣ್ಣಿಗೆ ಜಪಾನ್ ಹೀಗೆ ಕಂಡಿತು. ಆ ದಾರಿಯಲ್ಲಿ ಇಲ್ಲಿಂದ ಅಲ್ಲಿಗೂ ಹೋಗಬಹುದು.

ಹೋದವರು ನಮ್ಮಲ್ಲೂ ಇದ್ದಾರೆ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ಸುತ್ತಿ ಬಂದರು. ಮನೆತನದ ಯಜಮಾನಿಕೆಯನ್ನು ಕಾನೂನಿನಲ್ಲಿ ಬರೆದಿಟ್ಟ ಮೇಜಿ ನಾಗರಿಕ ಸಂಹಿತೆ ಜಾರಿಗೆ ಬಂದದ್ದು ಅದೇ ವರ್ಷ. ಆದರೆ ಅವರ ಗಮನ ಶಾಲೆ, ಕಾರ್ಖಾನೆ, ಕೈಗಾರಿಕೆಗಳ ಕಡೆಗಿತ್ತು. ಪರದೇಶದ ಮನೆಯೊಳಗನ್ನು ಬರೆದವರೆಂದರೆ ಧಾರವಾಡ ಸೀಮೆಯ ಕೆ. ಈಶ್ವರನ್. ಡಚ್ ಕುಟುಂಬಗಳ ನಡುವೆ ಅಧ್ಯಯನ ಮಾಡಿ 1959ರಲ್ಲಿ 'ಫ್ಯಾಮಿಲಿ ಲೈಫ್ ಇನ್ ದಿ ನೆದರ್‌ಲ್ಯಾಂಡ್ಸ್' ಪ್ರಕಟಿಸಿದರು. ಮರುವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ತೌಲನಿಕ ಸಮಾಜಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆ ಶುರುಮಾಡಿದರು. ಅದು ಇವತ್ತಿಗೂ ನಡೆದಿದೆ. ಬಿಳಿಯರು ನಮ್ಮ ಹಳ್ಳಿಗಳನ್ನು ಬರೆಯುತ್ತಿದ್ದ ಕಾಲದಲ್ಲಿ ನಮ್ಮವರೊಬ್ಬರು ಅವರ ಮನೆಗಳನ್ನು ಬರೆದರು ಎನ್ನುವುದು ನನಗೆ ಇಂದಿಗೂ ಹೆಮ್ಮೆ ತರುತ್ತದೆ. ಈ ಹೆಸರು ನಮ್ಮ ಪದವಿ ತರಗತಿಗಳಲ್ಲಿ ಇನ್ನೂ ಜೋರಾಗಿ ಕೇಳಬೇಕು.

ಹೀಗೆ ಬರೆಯುವುದನ್ನು ಕಲಿಯುವ ಕಷ್ಟ ಬೇರೆ. ಎಂ.ಎ. ವಿದ್ಯಾರ್ಥಿಯ ಮೊದಲ ಕರಡು ಸಾಮಾನ್ಯವಾಗಿ 'ಜಪಾನಿಗರು ಶಿಸ್ತಿನ ಜನ' ಎಂದು ಆರಂಭವಾಗುತ್ತದೆ. ಈ ವಾಕ್ಯವನ್ನು ಯಾರೂ ಪರೀಕ್ಷಿಸಲಾರರು. ಯಾವ ಜಪಾನಿಗರು, ಯಾವ ಕಾಲದವರು, ಹೇಳಿದವರು ಯಾರು? ಅದನ್ನು ಅಳಿಸಿ, 'ಎರಡನೆಯ ಮಹಾಯುದ್ಧದ ನಂತರ ಜಪಾನಿನ ಹೊಸ ಕಾನೂನು ಮನೆತನದ ಯಜಮಾನಿಕೆಯನ್ನು ತೆಗೆದುಹಾಕಿತು. ಹಾಗಿದ್ದೂ ವಯಸ್ಕರ ದತ್ತಕ ಯಾಕೆ ಉಳಿಯಿತು?' ಎಂದು ಬರೆದ ಕೂಡಲೇ ಪ್ರಬಂಧಕ್ಕೆ ಬೆನ್ನೆಲುಬು ಬರುತ್ತದೆ. ಉತ್ತರಕ್ಕೆ ಆಧಾರ ಹುಡುಕಬೇಕಾಗುತ್ತದೆ. ನಕಾನೆಯವರ ಮಾತೆಲ್ಲಿ ಮುಗಿಯಿತು, ತನ್ನ ಮಾತೆಲ್ಲಿ ಶುರುವಾಯಿತು ಎಂದು ತೋರಿಸಬೇಕಾಗುತ್ತದೆ. ಅವರನ್ನು ಒಪ್ಪದವರನ್ನೂ ಓದಬೇಕಾಗುತ್ತದೆ. ಇಡೀ ಜಪಾನನ್ನು ಒಂದೇ ಮನೆಯ ಅಚ್ಚಿನಲ್ಲಿ ಎರಕ ಹೊಯ್ದರು ಎಂಬ ಟೀಕೆ ಅವರ ಮೇಲಿದೆ, ಅದರಲ್ಲಿ ಹುರುಳೂ ಇದೆ.

ದತ್ತಕದ ವಿಷಯಕ್ಕೆ ಈಗ ಹೊಸ ಒತ್ತಡವೂ ಬಂದಿದೆ. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳ ಸಂಖ್ಯೆ ಏಳು ಲಕ್ಷ ಮುಟ್ಟಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಸಣ್ಣ ಉದ್ಯಮಗಳೂ ವಾರಸುದಾರರಿಲ್ಲದೆ ಬಾಗಿಲು ಹಾಕುತ್ತಿವೆ. ದತ್ತಕ ಹೋಗಲಿಕ್ಕೂ ಎರಡನೆಯ ಮಗ ಬೇಕಲ್ಲ.

ಜಪಾನಿನ ಕುಟುಂಬ ದಾಖಲೆ ಕೊಸೆಕಿ ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಬೈಲಹೊಂಗಲದ ವಿದ್ಯಾರ್ಥಿ ಅಲ್ಲಿಯ ಸರಕಾರಿ ಅಂಕಿಅಂಶ, ಕಂಪನಿಗಳ ಇತಿಹಾಸ, ಇಂಗ್ಲಿಷಿಗೆ ಬಂದ ಅಧ್ಯಯನಗಳಿಂದ ಶುರುಮಾಡಬೇಕು. ಹೋಲಿಕೆಯಲ್ಲಿ ತನ್ನ ಊರಿನ ಪಾಲಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ದತ್ತಕ ಪತ್ರಗಳಿವೆ, ದತ್ತಕ ಹೋಗಿ ಬಂದ ಮನೆಗಳ ಹಿರಿಯರಿದ್ದಾರೆ. ಅವರ ಮುಂದೆ ಕೂತು ಕೇಳುವ ಕೆಲಸವನ್ನು ಈ ವರ್ಷವೇ ಹಚ್ಚಿಕೊಳ್ಳಬಹುದು.