ಜೋಳಿಗೆಗೆ ಹಾಕಿದ ಮೇಲೆ

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿ ಊರೂರು ತಿರುಗತೊಡಗಿದರು. ಕಾಳುಕಡಿಯನ್ನಾಗಲಿ ಕಾಣಿಕೆಯನ್ನಾಗಲಿ ಅವರು ಬೇಡಲಿಲ್ಲ. ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ಇಂದು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಮಹಾಂತ ಜೋಳಿಗೆಯ ಮಹಿಮೆಯನ್ನು ಸದ್ಭಕ್ತರಿಗೆ ಮತ್ತೆ ಹೇಳಬೇಕಾಗಿಲ್ಲ. ಜೋಳಿಗೆಗೆ ಹಾಕಿದ ಮೇಲೆ ಏನು ಎಂಬುದೇ ಇಂದಿನ ವಿಚಾರ.

ಗುರುಗಳೆದುರು ಆಣೆ ಮಾಡುವುದು ಒಂದು ಕ್ಷಣದ ಕೆಲಸ. ಮರುದಿನ ಸಂಜೆ ಏಳು ಗಂಟೆ ಬರುತ್ತದಲ್ಲ, ಅದು ಕಷ್ಟದ ಗಳಿಗೆ. ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತದಡಿಯಿಂದ ಭಟ್ಕಳ ಬಂದರಿನವರೆಗೆ ದೋಣಿಗಳು ದಡದಲ್ಲೇ. ಹೊರಗೆ ಮಳೆ, ಕೈಗೆ ಕೆಲಸವಿಲ್ಲ, ಹಳೆಯ ಗೆಳೆಯರು ಮಾತ್ರ ಬಾಗಿಲಲ್ಲಿ. ಘಟ್ಟದ ಕೆಳಗಿನ ಅಡಿಕೆ ತೋಟದಲ್ಲೂ ಇದೇ ಕಥೆ. ಅಲ್ಲಿ ಕೊಯ್ಲಿನ ಕೂಲಿ ಕೈಗೆ ಬಂದ ದಿನವೇ ಗಂಡಾಂತರ. 2007ರ ಜುಲೈಯಲ್ಲಿ ಸರಕಾರ ಸಾರಾಯಿ ನಿಷೇಧಿಸಿದಾಗ ನಮ್ಮ ತಾಯಂದಿರು ನಿಟ್ಟುಸಿರು ಬಿಟ್ಟರು. ಕೊಟ್ಟೆ ಸಾರಾಯಿ ಹೋಯಿತು ನಿಜ, ಕುಡಿತ ಅಂಗಡಿ ಬದಲಿಸಿತು ಅಷ್ಟೆ.

ಆಣೆ ಮುರಿದವನಿಗೆ ನಾಚಿಕೆ. ಮಠದ ದಾರಿ ತಪ್ಪಿಸಿ ನಡೆಯುತ್ತಾನೆ. ಮನೆಯವರು ಮಾನಕ್ಕಂಜಿ ಮುಚ್ಚಿಡುತ್ತಾರೆ. ಹಿರಿಯರು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದುಬಿಡುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಹುಟ್ಟುವಾಗ ಯಾವ ಕೂಸೂ ಬಾಟಲಿ ಹಿಡಿದು ಬಂದಿಲ್ಲ. ವೈದ್ಯಶಾಸ್ತ್ರ ಇದನ್ನು ರೋಗವೆಂದೇ ಎಣಿಸುತ್ತದೆ. ರೋಗ ಮರುಕಳಿಸಿದರೆ ರೋಗಿಯನ್ನು ಬೈಯುವವರುಂಟೇ?

ಇಲ್ಲೊಂದು ಎಚ್ಚರಿಕೆಯನ್ನು ಹಿರಿಯರು ಮರೆಯದೆ ಕೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಸನ್ನಿ ಹಿಡಿಯಬಹುದು. ಅದು ಗಾಳಿ ಸೋಕಿದ್ದಲ್ಲ. ಜೀವಕ್ಕೆ ಅಪಾಯವಿರುವ ಸ್ಥಿತಿ, ಔಷಧಿಯಿಂದ ತಡೆಯಬಹುದಾದದ್ದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕದೆ ಮೊದಲು ತಾಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಆಣೆ ಆಮೇಲೆ ಮಾಡಿಸಬಹುದು.

ದೇಹ ತಿಳಿಯಾದ ಮೇಲೆ ಬೇಕಾದದ್ದು ಸಂಗ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನೀವು ಬಲ್ಲಿರಿ. ಶಿಬಿರಕ್ಕಿಂತಲೂ ನಮಗೆ ದೊಡ್ಡದಾಗಿ ಕಾಣುವುದು ಅದರ ನಂತರದ ನವಜೀವನ ಸಮಿತಿ. ಕುಡಿತ ಬಿಟ್ಟವರೇ ಸೇರಿ ಕೂಡುವ ಸಭೆ ಅದು. ನೂರು ದಿನ ತುಂಬಿದಾಗ ಶತದಿನೋತ್ಸವವನ್ನೂ ಮಾಡುತ್ತಾರೆ. ಹೆಂಡತಿ ಮಕ್ಕಳೆದುರು ಒಬ್ಬ ಗೃಹಸ್ಥನಿಗೆ ಅದಕ್ಕಿಂತ ಮಿಗಿಲಾದ ಜಾತ್ರೆ ಯಾವುದಿದೆ?

ಇನ್ನೊಂದು ಕೂಟ ಹೊರದೇಶದಲ್ಲಿ ಹುಟ್ಟಿದ್ದು. ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ 1935ರಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡುಕರು, ತಮ್ಮ ತಮ್ಮ ಪಾಡನ್ನು ಹೇಳಿಕೊಳ್ಳುತ್ತ ಕುಳಿತರು. ಜೂನ್ 10ರಂದು ವೈದ್ಯ ಕೊನೆಯ ಸಲ ಕುಡಿದ. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಜನರ ಬಾಯಲ್ಲಿ ‘ಎಎ’. ಇಂದು ಮಂಗಳೂರು, ಬೆಂಗಳೂರಿನಲ್ಲೂ ಅದರ ಸಭೆಗಳಿವೆ. ಶುಲ್ಕವಿಲ್ಲ. ಜಾತಿ, ಮತ, ಮನೆತನ ಕೇಳುವುದಿಲ್ಲ. ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸಾಕು. ಹೆಸರನ್ನಷ್ಟೇ ಹೇಳಿ, ತಾನು ಕುಡುಕನೆಂದು ಒಪ್ಪಿ, ತನ್ನ ಅನುಭವ ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಜೀವನಪೂರ್ತಿಯ ಆಣೆಯನ್ನು ಯಾರೂ ಹಾಕಿಸುವುದಿಲ್ಲ. ಇವತ್ತೊಂದು ದಿನ ಬೇಡ, ನಾಳೆಯದು ನಾಳೆಗೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಕುಡಿಯುವವನಷ್ಟೇ ನೊಂದಿರುವ ತಾಯಿ, ಮಡದಿಯರಿಗೆ ಅದು ತಿಳಿದಿರಲಿ.

ಹುಡುಕುವುದು ಹೇಗೆ? ತಾಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿ. ಗ್ರಾಮಾಭಿವೃದ್ಧಿ ಯೋಜನೆಯ ತಾಲೂಕು ಕಚೇರಿಯಲ್ಲಿ ನವಜೀವನ ಸಮಿತಿ ಎಲ್ಲಿ ಕೂಡುತ್ತದೆಂದು ವಿಚಾರಿಸಿ. ಕೇಂದ್ರ ಸರಕಾರದ 14446 ಎಂಬ ಉಚಿತ ದೂರವಾಣಿಯೂ ಇದೆ. ಸ್ವಂತ ಊರಿನಲ್ಲಿ ಮುಖ ತೋರಿಸಲು ಸಂಕೋಚವಾದರೆ ಕುಮಟಾದವನು ಹೊನ್ನಾವರಕ್ಕೆ ಹೋಗಲಿ, ಇಪ್ಪತ್ತು ಕಿಲೋಮೀಟರ್ ಅಷ್ಟೆ. ಕುಡಿಯಲು ಅದಕ್ಕಿಂತ ದೂರ ಹೋದವರಿದ್ದಾರೆ! ಎಎ ಸಭೆಗಳು ಈಗ ಮೊಬೈಲಿನಲ್ಲೂ ನಡೆಯುತ್ತವೆ, ಮೊಮ್ಮಕ್ಕಳು ಹಚ್ಚಿಕೊಟ್ಟಾರು.

ಹತ್ತಿರದಲ್ಲಿ ಕೂಟವೇ ಇಲ್ಲದಿದ್ದರೆ? ಎಎ ಸಂಪ್ರದಾಯದಂತೆ ಕುಡಿತ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೂ ಅದೊಂದು ಕೂಟವೇ. ಹಿರಿಯರ ಕರ್ತವ್ಯ ಇಲ್ಲಿದೆ. ದೇವಸ್ಥಾನದ ಪೌಳಿಯನ್ನೋ ಮಠದ ಜಗಲಿಯನ್ನೋ ಶಾಲೆಯ ಕೋಣೆಯನ್ನೋ ವಾರಕ್ಕೊಂದು ಸಂಜೆ ಬಿಟ್ಟುಕೊಡಿ. ಚಾಪೆ ಹಾಸಿ, ಚಹಾ ಕಾಯಿಸಿಡಿ, ನೀವು ಹೊರಗೆ ಬನ್ನಿ. ಉಪದೇಶ ಮಾಡಬೇಡಿ. ಉಪದೇಶ ಮಾಡುವುದೇ ಕಾಯಕವಾದ ನಾವೇ ಹೇಳುತ್ತಿದ್ದೇವೆ, ಅಲ್ಲಿ ನಮ್ಮ ಮಾತಿಗಿಂತ ಮೂರು ತಿಂಗಳ ಹಿಂದೆ ಬಿಟ್ಟವನ ಮಾತಿಗೆ ಬೆಲೆ ಹೆಚ್ಚು. ಕುಡುಕರು ಪೌಳಿ ಹತ್ತುವುದೇ ಎಂದು ಹುಬ್ಬೇರಿಸುವವರು ಹನ್ನೆರಡನೆಯ ಶತಮಾನವನ್ನು ನೆನೆಯಲಿ. ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಶರಣರ ನಡುವೆ ಸ್ಥಾನವಿತ್ತು, ಅವನ ವಚನಗಳು ಇಂದಿಗೂ ಉಳಿದಿವೆ.

ಮೊದಲ ಸಲ ಹೋಗುವವನ ಕಾಲು ತಡವರಿಸುತ್ತದೆ. ಒಬ್ಬರು ಬಾಗಿಲವರೆಗೆ ಜತೆಯಾಗಿ. ಒಳಗೆ ಅವನೇ ಹೋಗಲಿ. ಸಭೆ ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ. ಹೊರಬಂದಾಗ ಒಳಗೆ ಏನಾಯಿತೆಂದು ಕೇಳದೆ, ಮುಂದಿನ ವಾರ ಎಷ್ಟು ಗಂಟೆಗೆ ಎಂದಷ್ಟೇ ಕೇಳಿ.